ಮೀಸೆಯ ಕಥೆ

ಹೋದ ಬೇಸಿಗೆಯಲ್ಲಿ ಲಂಡನ್ನಿನ ಮಗಳ ಮನೆಗೆ ಹೋದಾಗ ಸಾರಿನ ಪುಡಿ, ಹಪ್ಪಳಗಳ ಜೊತೆಗೆ ಒಂದಿಷ್ಟು ಕಥೆಗಳನ್ನೂ ಹೊತ್ತುಕೊಂಡು ಹೋಗಿದ್ದೆ. ಮೊಮ್ಮಗಳಿಗೆ ಹತ್ತು, ಮೊಮ್ಮಗನಿಗೆ ಎಂಟು. ಪುಣ್ಯಕೋಟಿಯ ಕಥೆ ಅವರಿಗೆ ಆಗಲೇ ಹಳತಾಗಿತ್ತು. ಮಾದಪ್ಪನ ಕಥೆ ಹೇಳಿದರೆ ಆಕಳಿಸಿದರು. ಅಜ್ಜಿಯ ಮಾನ ಉಳಿಯಬೇಕಲ್ಲ, ವೀರಪ್ಪನ್‌ನನ್ನು ತೆಗೆದೆ.

ನಮ್ಮ ಕೊಳ್ಳೇಗಾಲದಿಂದ ಹನೂರು, ಮಾದಪ್ಪನ ಬೆಟ್ಟ ದಾಟಿ ಕಾಡೊಳಗೆ ಹೋದರೆ ಸಿಗುವ ಗೋಪಿನಾಥಂ ಅವನು ಹುಟ್ಟಿದ ಊರು. ದಪ್ಪ ಮೀಸೆ, ಆನೆದಂತ, ಗಂಧದ ಮರ, 2000ದಲ್ಲಿ ರಾಜಕುಮಾರರನ್ನು ಹೊತ್ತೊಯ್ದು ನೂರೆಂಟು ದಿನ ಕಾಡಿನಲ್ಲಿ ಇಟ್ಟುಕೊಂಡದ್ದು, ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳಿದೆ. ಮಾರನೆಯ ದಿನ ಮೊಮ್ಮಗ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಹಿತ್ತಲಲ್ಲೆಲ್ಲ ಗುಂಡು ಹಾರಿಸಿದ. ನನಗೆ ಹೆಮ್ಮೆಯೇ ಆಯಿತು ಎನ್ನಿ.

ಆ ವಾರವೇ ನಮ್ಮನ್ನು ಟವರ್ ಆಫ್ ಲಂಡನ್ ನೋಡಲು ಕರೆದುಕೊಂಡು ಹೋದರು. ಟಿಕೆಟ್ಟಿನ ಬೆಲೆಯನ್ನು ರೂಪಾಯಿಗೆ ಗುಣಿಸಬೇಡಮ್ಮ ಎಂದಿದ್ದಳು ಮಗಳು, ಗುಣಿಸಿ ಬೆವೆತೆ. ಅಲ್ಲಿ ರಾಜರ ಕಾಲದ ವೇಷ ತೊಟ್ಟ ಕಾವಲುಗಾರರೇ ಕಥೆ ಹೇಳುತ್ತಾರೆ. ತಲೆ ಕಡಿದ ಕಥೆಯನ್ನು ನಗಿಸುತ್ತ ಹೇಳಿದರು, ನಾವೂ ನಕ್ಕೆವು. ಆಮೇಲೆ ಒಂದು ಹುಲ್ಲುಹಾಸಿನ ಪಕ್ಕ ನಿಂತೆವು. ಅಲ್ಲಿ ಗಾಜಿನದೊಂದು ದಿಂಬು ಇಟ್ಟಿದ್ದಾರೆ, ಅದರ ಕೆಳಗೆ ಅಲ್ಲಿ ಸತ್ತವರ ಹೆಸರುಗಳು. 1536ರಲ್ಲಿ ಸತ್ತ ರಾಣಿ ಆನ್ ಬೊಲಿನ್. ಒಂಬತ್ತು ದಿನ ಮಾತ್ರ ರಾಣಿಯಾಗಿದ್ದು, ಇನ್ನೂ ಇಪ್ಪತ್ತೂ ತುಂಬದೆ 1554ರಲ್ಲಿ ಸತ್ತ ಜೇನ್ ಗ್ರೇ. ಮೊಮ್ಮಗಳು ಒಂದೊಂದನ್ನೂ ಬೆರಳಿಟ್ಟು ಓದಿದಳು. ತಿರುಗಿ ಕೇಳಿದಳು: "ಅಜ್ಜಿ, ನಿಮ್ಮ ಕಥೆಯಲ್ಲಿ ಸತ್ತವರ ಹೆಸರೇನು?"

ನಾನು ಒಬ್ಬರ ಹೆಸರನ್ನೂ ಹೇಳಿರಲಿಲ್ಲ.

ಕಥೆಗೆ ಅದೆಲ್ಲ ಯಾಕೆ, ಬಕಾಸುರ ತಿಂದವರ ಹೆಸರನ್ನು ಯಾರು ಕೇಳುತ್ತಾರೆ ಎಂದು ಮನಸ್ಸಿನಲ್ಲೇ ವಾದ ಹೂಡಿದೆ. ಆದರೆ ಭಾರತದಲ್ಲಿ ಬಕಾಸುರ ಬರುವ ಮೊದಲೇ, ಗಾಡಿ ಅನ್ನದ ಜೊತೆ ಯಾರು ಹೋಗಬೇಕೆಂದು ಆ ಬ್ರಾಹ್ಮಣನ ಮನೆಯವರು ಅಳುವುದು ಕುಂತಿಗೆ ಕೇಳಿಸುತ್ತದಲ್ಲ? ನನ್ನ ಕಥೆಯಲ್ಲಿ ಯಾರೂ ಅತ್ತಿರಲಿಲ್ಲ. ರಾಕ್ಷಸ ಸತ್ತು ಸಾವಿರಾರು ವರ್ಷವಾದರೆ ಒಂದು ಮಾತು. ಇವನು ಸತ್ತದ್ದು 2004ರಲ್ಲಿ. ಅವನಿಂದ ಗಂಡನನ್ನು, ಮಗನನ್ನು ಕಳೆದುಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಮಗು ಕೂತು ಕೇಳುತ್ತಿದ್ದರೆ ನಾನು ಆ ಮೀಸೆಯನ್ನು ಅಷ್ಟು ಚೆನ್ನಾಗಿ ತಿರುವುತ್ತಿದ್ದೆನೆ?

ಆ ರಾತ್ರಿ ಶ್ರೀನಿವಾಸರ ಕಥೆ ಹೇಳಿದೆ. ಆಂಧ್ರದಿಂದ ಬಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ವೀರಪ್ಪನ್‌ನನ್ನು ಹಿಡಿಯಬೇಕಾದವರು ಅವನ ಊರಿನಲ್ಲೇ ಜನರ ನಡುವೆ ಉಳಿದು, ಔಷಧಿ ಕೊಡಿಸಿ, ಮನೆ ಕಟ್ಟಿಸಿ, ಮಾರಿಯಮ್ಮನ ಗುಡಿಯನ್ನೂ ಎಬ್ಬಿಸಿದರು. ಶರಣಾಗುತ್ತೇನೆಂಬ ಮಾತನ್ನು ನಂಬಿ, ಬಂದೂಕಿಲ್ಲದೆ ಕಾಡಿಗೆ ನಡೆದರು. 1991ರ ನವೆಂಬರ್ 10ರಂದು ಅವರನ್ನು ಕೊಂದರು. ಸರ್ಕಾರ ಆಮೇಲೆ ಕೀರ್ತಿಚಕ್ರ ಕೊಟ್ಟಿತು.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. "ಬಂದೂಕು ತಗೊಂಡು ಹೋಗಲಿಲ್ವಾ? ಹಾಗಾದ್ರೆ ಅವರು ದಡ್ಡರು."

ಅಲ್ಲ ಎಂದು ಒಂದೇ ಏಟಿಗೆ ಹೇಳಿಬಿಡಬಹುದಿತ್ತು. ಆದರೆ ಇವನೇ ದೊಡ್ಡವನಾಗಿ ಹಾಗೆ ಹೊರಟು ನಿಂತರೆ "ಹೋಗು ಮಗು" ಎನ್ನುತ್ತೇನೆಯೆ? ಬಾಗಿಲಿಗೆ ಅಡ್ಡ ಮಲಗುತ್ತೇನೆ. ಹಾಗಿರುವಾಗ ಬೇರೆಯವರ ಮಗ ಹೋದದ್ದನ್ನು ದೊಡ್ಡದೆಂದು ಹೊಗಳಲು ನಾಲಿಗೆ ಏಳಲಿಲ್ಲ.

"ಆ ಊರಿನವರನ್ನೇ ಕೇಳೋಣ, ಬಾ" ಎಂದೆ.

ಡಿಸೆಂಬರ್ ರಜೆಗೆ ಬರುತ್ತಾರಂತೆ. ನೋಡಬೇಕಾದ ಜಾಗಗಳ ಪಟ್ಟಿಯನ್ನು ಅವನೇ ಬರೆದು ಕಳಿಸಿದ್ದಾನೆ. ಮೈಸೂರಿನ ಮೃಗಾಲಯ, ಮಾದಪ್ಪನ ಬೆಟ್ಟ, ಹೊಗೇನಕಲ್ಲಿನ ತೆಪ್ಪ. ಕೊನೆಯಲ್ಲಿ ಗೋಪಿನಾಥಂ. ಅದರ ಮುಂದೆ ಒಂದು ಗುಡಿಯ ಚಿತ್ರ, ಪಕ್ಕದಲ್ಲಿ ಸಣ್ಣದಾಗಿ ಮೀಸೆ.