ನೋವಿಗೆ ಸಾಕ್ಷಿ ಯಾರು?

ಮೈ ನಮ್ಮದು, ನೋವೂ ನಮ್ಮದು. ಆದರೆ ಅದು ನಿಜವೋ ಸುಳ್ಳೋ ಅಂತ ತೀರ್ಪು ಕೊಡುವವರು ಬೇರೆಯವರು. ಕೇರಿಯಲ್ಲಿ ಹುಟ್ಟಿ, ಮೂರ್ಛೆರೋಗದ ಜೊತೆ ಬದುಕುತ್ತಿರುವ ನಾವು ಕೇಳುತ್ತಿರುವುದು ಒಂದೇ ಪ್ರಶ್ನೆ: ಕಾರಣ ಗೊತ್ತಾಗದ ನೋವು ಸುಳ್ಳೇ?

ಬಿದ್ದು ಮೈ ಅದುರುವುದು ಊರಿಗೆಲ್ಲ ಕಾಣುತ್ತೆ. ಕಾಣದ್ದು ಬೇಕಾದಷ್ಟಿದೆ. ಇದ್ದಕ್ಕಿದ್ದಂತೆ ಒಂದು ಕೈ ಜೋಮು ಹಿಡಿಯುತ್ತೆ. ಮಾತಾಡ್ತಾ ಇರುವಾಗಲೇ, ಕಣ್ಣು ತೆರೆದಿದ್ದರೂ ಒಂದು ಗಳಿಗೆ ಲೋಕವೇ ತಪ್ಪಿಹೋಗುತ್ತೆ. ಎದ್ದ ಮೇಲೆ ಎರಡು ದಿನ ಕುಡುಗೋಲು ಹಿಡಿಯಲಾಗದಷ್ಟು ಸುಸ್ತು. ಇವುಗಳಲ್ಲಿ ಕೆಲವು ರೋಗದಿಂದ, ಕೆಲವು ನುಂಗುವ ಮಾತ್ರೆಯಿಂದ. ಇನ್ನು ಕೆಲವು ಯಾತರಿಂದಲೋ, ಡಾಕ್ಟರಿಗೂ ತಿಳಿಯದು.

ಊರಿನ ಹತ್ತಿರ ಮಾತ್ರ ಉತ್ತರ ಸಿದ್ಧವಾಗಿದೆ. ಗಾಳಿ ಮೆಟ್ಟಿಕೊಂಡಿದೆ ಅನ್ನೋದು ಒಂದು. ಹಿಂದಿನ ಜನ್ಮದ ಪಾಪ ಅನ್ನೋದು ಇನ್ನೊಂದು. ಕೆಲಸಗಳ್ಳರ ನಾಟಕ ಅನ್ನೋದು ಮೂರನೆಯದು. 'ನಿನ್ನೆ ಚೆನ್ನಾಗೇ ಇದ್ದೆಯಲ್ಲೋ, ಇವತ್ತೇನು ಬಂತು ನಿನಗೆ?' ಅಂತ ಕೂಲಿ ಮುರಿದುಕೊಳ್ಳುವ ಯಜಮಾನರಿಗೆ ಈ ಮೂರನೆಯದೇ ಅನುಕೂಲ. ಯಾರಾದರೂ ಬಿದ್ದರೆ ಚಪ್ಪಲಿ ತಂದು ಮೂಗಿಗೆ ಹಿಡಿಯುತ್ತಾರೆ. ಯಾರನ್ನು ಮುಟ್ಟಬಾರದು ಅಂದರೋ ಅವರೇ ಹೊಲಿದ ಮೆಟ್ಟು ಮೂಗಿನ ತನಕ ಬರುತ್ತೆ. ಬಿದ್ದವರ ಮಾತು ಮಾತ್ರ ಯಾರ ಕಿವಿಗೂ ಮುಟ್ಟುವುದಿಲ್ಲ.

ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನಲ್ಲಿ ಈ ರೋಗಕ್ಕೆ 'ಪವಿತ್ರ ರೋಗ' ಅಂತಲೇ ಹೆಸರಿತ್ತು. ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದಿರುವ ಒಂದು ವೈದ್ಯಗ್ರಂಥ ಇದನ್ನು ಒಪ್ಪಲಿಲ್ಲ. ಉಳಿದ ರೋಗಗಳಂತೆ ಇದಕ್ಕೂ ಕಾರಣವಿದೆ, ಅದು ಮಿದುಳಿನಲ್ಲಿದೆ, ಮಂತ್ರ ಹಾಕುವವರು ತಮಗೆ ತಿಳಿಯದ್ದನ್ನು ಮುಚ್ಚಿಡಲು ದೇವರನ್ನು ಅಡ್ಡ ಹಿಡಿದಿದ್ದಾರೆ ಅಂತ ವಾದಿಸಿತು. ತಿಳಿಯದೇ ಇರುವುದು ತಪ್ಪಲ್ಲ. ತಿಳಿಯದ್ದನ್ನು ತಿಳಿದಂತೆ ತೋರಿಸಿ, ನೊಂದವರ ತಲೆಗೆ ಕಟ್ಟುವುದು ಅನ್ಯಾಯ.

ಆ ಅನ್ಯಾಯ ದೇವಸ್ಥಾನದ ಬಾಗಿಲಲ್ಲೇ ನಿಂತಿಲ್ಲ, ಆಸ್ಪತ್ರೆಯ ಒಳಕ್ಕೂ ಬಂದಿದೆ. 'ರಿಪೋರ್ಟ್ ನಾರ್ಮಲ್ ಇದೆ, ನಿಂಗೇನೂ ಆಗಿಲ್ಲ, ಹೋಗಮ್ಮ' ಅಂತಾರೆ. ಮನುಷ್ಯರ ಮಿದುಳಿನ ವಿದ್ಯುತ್ತನ್ನು ಜರ್ಮನಿಯ ಹಾನ್ಸ್ ಬರ್ಗರ್ ಮೊದಲು ದಾಖಲಿಸಿದ್ದು 1924ರಲ್ಲಿ. ಇಇಜಿ ಎಂಬ ಆ ಪರೀಕ್ಷೆ ದೊಡ್ಡ ಉಪಕಾರ, ನಿಜ. ಆದರೆ ತಲೆಗೆ ತಂತಿ ಅಂಟಿಸಿದ ಅರ್ಧ ಗಂಟೆಯಲ್ಲಿ ಏನೂ ಕಾಣಲಿಲ್ಲ ಅಂದರೆ ರೋಗವೇ ಇಲ್ಲ ಅಂತ ಅಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ನಿಂತು, ಬಸ್ಸು ಬರಲಿಲ್ಲ, ಈ ಊರಿಗೆ ಬಸ್ಸೇ ಇಲ್ಲ ಅಂದ ಹಾಗಾಯಿತು ಅದು.

ಇನ್ನು ಕೆಲವರಿಗೆ ನರ ಕಡಿದಿರುವುದಿಲ್ಲ, ಮಿದುಳಿನಲ್ಲಿ ಗಡ್ಡೆಯೂ ಇರುವುದಿಲ್ಲ. ಆದರೂ ಕಾಲು ಏಳುವುದಿಲ್ಲ, ಮೈ ಅದುರುತ್ತೆ. ಇಂಥವರನ್ನು ಬಹುಕಾಲ ಹಿಸ್ಟೀರಿಯಾ ಅಂದರು. ಗರ್ಭಕೋಶ ಎಂಬ ಅರ್ಥದ ಗ್ರೀಕ್ ಪದದಿಂದ ಹುಟ್ಟಿದ ಹೆಸರು ಅದು. ಬೈಗುಳಕ್ಕೂ ಆ ಹೆಸರಿಗೂ ವ್ಯತ್ಯಾಸ ಉಳಿಯಲಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೇ ನಿಯಮ ಬದಲಿಸಿತು. ರೋಗಿ ನಟಿಸುತ್ತಿಲ್ಲ ಅಂತ ಮೊದಲು ಸಾಬೀತಾಗಬೇಕು ಎಂಬ ಷರತ್ತನ್ನು ತೆಗೆದುಹಾಕಿತು. ನಂಬುವುದಕ್ಕೆ ವಿಜ್ಞಾನಕ್ಕೂ ಇಷ್ಟು ಕಾಲ ಬೇಕಾಯಿತು.

ಈ ಷರತ್ತು ನಮಗೆ ಹೊಸದಲ್ಲ. ಏಟು ತಿಂದು ಠಾಣೆಗೆ ಹೋದರೆ ಸಾಕ್ಷಿ ಯಾರು ಅಂತಾರೆ. ನೀರು ಮುಟ್ಟಲು ಬಿಡಲಿಲ್ಲ ಅಂದರೆ ಯಾರು ನೋಡಿದರು ಅಂತಾರೆ. ಕೇರಿಯಲ್ಲಿ ಹುಟ್ಟಿದ್ದಕ್ಕೂ ಮೈ ಅದುರಿದ್ದಕ್ಕೂ ಅದೇ ಕರ್ಮದ ಲೆಕ್ಕ ತೋರಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೀರ್ಘಕಾಲದ ನರರೋಗಗಳನ್ನೂ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಮೀಸಲಾತಿಯಂಥ ಸವಲತ್ತಿಗೆ ಶೇಕಡ 40ರಷ್ಟು ಊನ ಅಂತ ಬರೆದ ಸರ್ಟಿಫಿಕೇಟು ಬೇಕು. ಸೋಮವಾರ ನೆಟ್ಟಗಿದ್ದು ಮಂಗಳವಾರ ಬೀಳುವ ಮೈಗೆ ಯಾವ ದಿನದ ಶೇಕಡಾವಾರು ಬರೆಯುತ್ತೀರಿ?

ಹೇಳಿದ್ದೆಲ್ಲ ನಂಬಿದರೆ ಸುಳ್ಳು ಹೇಳುವವರೂ ಹುಟ್ಟಿಕೊಳ್ಳುತ್ತಾರಲ್ಲ ಅಂತ ಕೇಳಬಹುದು. ಹುಟ್ಟಲಿ. ಒಬ್ಬ ಸುಳ್ಳುಗಾರ ಒಂದು ದಿನದ ಕೂಲಿ ಹೊಡೆದುಕೊಂಡಾನು. ಅವನ ಭಯದಿಂದ ನೂರು ಜನರ ನೋವನ್ನು ಅನುಮಾನಿಸಿದರೆ ನೂರು ಮನೆ ಹಾಳು. ಯಾವ ತಪ್ಪು ದೊಡ್ಡದು?

ನಂಬುವುದು ಅಂದರೆ ಪರೀಕ್ಷೆ ಬಿಡಿ, ಮಾತ್ರೆ ಬಿಡಿ ಅಂತ ಅಲ್ಲ. ಫಿನೋಬಾರ್ಬಿಟೋನ್ ಎಂಬ ಅಗ್ಗದ ಮಾತ್ರೆ 1912ರಿಂದಲೂ ಬಳಕೆಯಲ್ಲಿದೆ. ಸರಿಯಾದ ಔಷಧಿ ಸಿಕ್ಕರೆ ಮೂರ್ಛೆರೋಗದವರಲ್ಲಿ ನೂರಕ್ಕೆ 70ರಷ್ಟು ಜನ ಬೀಳದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಗಾಗಿ ಮಾತ್ರೆ ನಮ್ಮ ಹಕ್ಕು, ಅದನ್ನು ನಡುವೆ ನಿಲ್ಲಿಸುವುದು ಅಪಾಯ. ಮಾತ್ರೆಗೂ ಬಗ್ಗದ ಉಳಿದವರಿಗೆ, ಹೆಸರೇ ಇಲ್ಲದ ನೋವಿನವರಿಗೆ, 'ಗೊತ್ತಿಲ್ಲ, ಆದರೆ ನಿನ್ನ ಮಾತು ನಿಜ' ಎನ್ನುವ ಡಾಕ್ಟರು ಬೇಕು. ಈ ಮಾತಿಗೆ ಯಂತ್ರ ಬೇಡ, ಬಜೆಟ್ಟೂ ಬೇಡ.

ಹಳ್ಳಿಯ ಮೇಷ್ಟ್ರುಗಳಿಗೆ, ಸಂಘಟನೆಯ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟೆ. ತರಗತಿಯಲ್ಲಿ ಮಗು ಬಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಸಾಗಿಸಿ. ಚಪ್ಪಲಿ ಕಾಲಲ್ಲೇ ಇರಲಿ. ಎಚ್ಚರಾದ ಮೇಲೆ 'ಏನಾಯಿತು ನಿನಗೆ?' ಅಂತ ಆ ಮಗುವನ್ನೇ ಕೇಳಿ, ಹೇಳಿದ್ದನ್ನು ಬರೆದಿಡಿ. ಡಾಕ್ಟರಿಗೆ ಮೊದಲು ಬೇಕಾದ ಸಾಕ್ಷಿ ಅದೇ.