ಪರಿಗ್ರಹ ಪರಿಮಾಣ ವ್ರತವೂ ಸ್ವಂತ ವಿಮಾನದ ವೆಚ್ಚವೂ



ಶ್ರಾವಕನ ಹನ್ನೆರಡು ವ್ರತಗಳಲ್ಲಿ ಪರಿಗ್ರಹ ಪರಿಮಾಣವು ಐದನೆಯ ಅಣುವ್ರತವು. ದಿಗಂಬರ ಮುನಿಯು ಬಾಹ್ಯ ಪರಿಗ್ರಹ ಹತ್ತನ್ನೂ ಅಂತರಂಗ ಪರಿಗ್ರಹ ಹದಿನಾಲ್ಕನ್ನೂ ಬಿಡುವ ಮಾರ್ಗದಲ್ಲಿ ನಡೆಯುತ್ತಾನೆ. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲ. ಅವನಿಗೆ ಮನೆಯಿದೆ, ಮಕ್ಕಳಿದ್ದಾರೆ, ವ್ಯವಹಾರವಿದೆ. ಆದುದರಿಂದ ಆಚಾರ್ಯರು ಅವನಿಗೆ, "ಇಷ್ಟು ಸಾಕು" ಎಂಬ ಒಂದು ಗೆರೆಯನ್ನು ತಾನೇ ಎಳೆದುಕೊಂಡು ಅದರೊಳಗೆ ನಿಲ್ಲುವ ಮಾರ್ಗವನ್ನು ತೋರಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ಹೇಳುವಾಗ ಯಾವ ವಸ್ತುವಿನ ಹೆಸರನ್ನೂ ಎತ್ತದೆ ಮೂರ್ಛೆಯನ್ನು ಹೆಸರಿಸಿದ್ದಾರೆ. ವಸ್ತುವು ಹೊರಗಿರುತ್ತದೆ, ಅದರ ಮೇಲಣ ಮಮತೆಯು ಒಳಗಿರುತ್ತದೆ. ಬಂಧವಾಗುವುದು ಒಳಗಿನದರಿಂದ.

ಈ ತತ್ತ್ವವನ್ನು ಚಿಂತಿಸಲು ಒಂದು ಹೊಸ ದೃಷ್ಟಾಂತವನ್ನು ತೆಗೆದುಕೊಳ್ಳಬಹುದು: ಸ್ವಂತಕ್ಕೆಂದು ಒಂದು ಸಣ್ಣ ವಿಮಾನ. ಇದೆಲ್ಲಿಯ ಮಾತು ಎಂದು ಓದುಗರು ನಗಬಹುದು. ಆದರೆ ಬೇಗೂರಿನಲ್ಲಿ ನಿಂತು ನೋಡಿದರೆ ಇದು ತೀರ ದೂರದ ಮಾತಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಯಿಟ್ಟಾಗ ಸುತ್ತಲೂ ಇದ್ದದ್ದು ಕೆರೆಯೂ ರಾಗಿಯ ಹೊಲವೂ. ಇಂದು ಅದೇ ಹೊಲಗಳು ಬಡಾವಣೆಗಳಾಗಿವೆ. ತಾತನು ಎಕರೆಯ ಲೆಕ್ಕದಲ್ಲಿ ಉತ್ತ ನೆಲವನ್ನು ಮೊಮ್ಮಗನು ಚದರಡಿಯ ಲೆಕ್ಕದಲ್ಲಿ ಮಾರುತ್ತಾನೆ. ಎತ್ತಿನ ಗಾಡಿಯಿದ್ದ ಮನೆಗೆ ಬೈಕು ಬಂದಿತು, ಕಾರು ಬಂದಿತು, ಎರಡನೆಯ ಕಾರೂ ಬಂದಿತು. ಆಸೆಯು ನೆಲದ ಮೇಲೆಯೇ ನಿಲ್ಲುವುದೆಂದು ಹೇಳಬಲ್ಲವರಾರು?

ವಿಮಾನವೆಂಬುದು ಜೈನರಿಗೆ ಅಪರಿಚಿತವೂ ಅಲ್ಲ. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದವರು ಸೋಲಾಪುರದ ದಿಗಂಬರ ಜೈನ ಮನೆತನದ ವಾಲಚಂದ್ ಹೀರಾಚಂದರು. ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಅವರು 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಯುದ್ಧಕಾಲದ 1942ರಲ್ಲಿ ಅದರ ಆಡಳಿತವನ್ನು ಸರ್ಕಾರವು ವಹಿಸಿಕೊಂಡಿತು. ಸ್ಥಾಪಕರ ಕೈಯಿಂದ ಕಾರ್ಖಾನೆಯು ಎರಡೇ ವರ್ಷಗಳಲ್ಲಿ ಜಾರಿತು. ಆದರೆ ಕಾರ್ಖಾನೆಯು ಉಳಿಯಿತು, ಸಾವಿರಾರು ಮನೆಗಳಿಗೆ ಅನ್ನವನ್ನಿತ್ತಿತು. ಅಲ್ಲಿಯೇ 1958ರಲ್ಲಿ ಎರಡು ಆಸನಗಳ ಪುಷ್ಪಕವೆಂಬ ಹಗುರ ವಿಮಾನವು ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ತರುಣರು ಅದರಲ್ಲಿ ಹಾರಾಟವನ್ನು ಕಲಿತರು. ಬೇಗೂರಿಗೆ ಸಮೀಪದ ಹೊಸೂರಿನ ಬಳಿ ಬೆಳಗೊಂಡಪಳ್ಳಿಯಲ್ಲಿ 1990ರ ದಶಕದಲ್ಲಿ ಖಾಸಗಿ ಕಂಪನಿಯೊಂದು ಇಟಲಿಯ ವಿನ್ಯಾಸದ ಸಣ್ಣ ವಿಮಾನಗಳನ್ನು ಕಟ್ಟಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಹಂಸವೆಂಬ ತರಬೇತಿ ವಿಮಾನವನ್ನು 1993ರಲ್ಲಿ ಹಾರಿಸಿ, ಅದರ ಹೊಸ ರೂಪವನ್ನು 2021ರಲ್ಲಿ ಹಾರಿಸಿತು. ಇವೆಲ್ಲ ವಿದ್ಯೆ, ಉದ್ಯೋಗ, ದೇಶರಕ್ಷಣೆಗಳ ಕಾರ್ಯಗಳು. ಇವನ್ನು ಧರ್ಮವು ನಿಂದಿಸುವುದಿಲ್ಲ. ವಿಚಾರವಿರುವುದು, "ಇದು ನನ್ನದು" ಎಂದು ಒಬ್ಬನು ತನ್ನ ವಿಹಾರಕ್ಕಾಗಿ ಕೊಂಡು ನಿಲ್ಲಿಸಿಕೊಳ್ಳುವ ವಿಮಾನದ ಬಗೆಗೆ.

ಅಂತಹ ವಿಮಾನದ ವೆಚ್ಚವನ್ನು ಲೆಕ್ಕಹಾಕಿದರೆ ಪರಿಗ್ರಹದ ಸ್ವರೂಪವು ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಲೋಕದಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸಣ್ಣ ವಿಮಾನವಾದ ಸೆಸ್ನಾ 172 ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಅಂದು ಅದರ ಬೆಲೆ ಒಂಬತ್ತು ಸಾವಿರ ಡಾಲರಿನ ಸಮೀಪವಿತ್ತು. ಇಂದು ಹೊಸದಕ್ಕೆ ನಾಲ್ಕು ಲಕ್ಷ ಡಾಲರು ಮೀರಿದೆ. ಹಣದ ಬೆಲೆ ಇಳಿದುದನ್ನು ಲೆಕ್ಕಕ್ಕೆ ಹಿಡಿದರೂ ಈ ಏರಿಕೆಯು ಅದನ್ನು ಬಹಳ ಮೀರಿದುದು. ಅಪಘಾತದ ಪರಿಹಾರಕ್ಕಾಗಿ ನ್ಯಾಯಾಲಯಗಳಲ್ಲಿ ಹೂಡಿದ ದಾವೆಗಳ ಭಾರದಿಂದ ಆ ಕಂಪನಿಯು 1986ರಲ್ಲಿ ಇಂತಹ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. 1994ರಲ್ಲಿ ಅಮೆರಿಕದಲ್ಲಿ ಹಳೆಯ ವಿಮಾನಗಳ ಹೊಣೆಗೆ ಹದಿನೆಂಟು ವರ್ಷಗಳ ಮಿತಿಯನ್ನು ಹಾಕುವ ಕಾನೂನು ಬಂದ ಬಳಿಕವೇ ಪುನಃ ಆರಂಭಿಸಿತು. ನಮ್ಮ ದೇಶದಲ್ಲಿ 2025ರ ಸೆಪ್ಟೆಂಬರ್ 22ರಿಂದ ಸ್ವಂತ ಉಪಯೋಗದ ವಿಮಾನಕ್ಕೆ ಜಿ.ಎಸ್.ಟಿ. ನೂರಕ್ಕೆ 40ರಷ್ಟಾಗಿದೆ. ಅದಕ್ಕೆ ಮುಂಚೆ ಅದು ಸೆಸ್ ಸೇರಿ ನೂರಕ್ಕೆ 31 ಇತ್ತು.

ಇದು ಕೊಳ್ಳುವ ದಿನದ ವೆಚ್ಚ. ಕೊಂಡ ಮೇಲಣ ವೆಚ್ಚವು ಮತ್ತೊಂದು. ನಿಲ್ಲಿಸಲು ಹ್ಯಾಂಗರು ಬೇಕು, ಅದಕ್ಕೆ ಬಾಡಿಗೆ. ವಿಮೆ ಬೇಕು. ನಿಗದಿಯಾದ ಹಾರಾಟದ ಗಂಟೆಗಳಿಗೊಮ್ಮೆ ಪರವಾನಗಿಯುಳ್ಳ ಎಂಜಿನಿಯರಿಂದ ತಪಾಸಣೆಯಾಗಬೇಕು, ಹಾರಾಟಯೋಗ್ಯವೆಂಬ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಇಂತಹ ವಿಮಾನಗಳ ಸಾಮಾನ್ಯ ಎಂಜಿನಿಗೆ ತಯಾರಕರು ಎರಡು ಸಾವಿರ ಗಂಟೆಗಳ ಹಾರಾಟ ಅಥವಾ ಹನ್ನೆರಡು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅಂದಿಗೆ ಪೂರ್ಣ ಬಿಚ್ಚಿ ಕಟ್ಟಬೇಕೆಂದು ಅವಧಿಯನ್ನು ಹೇಳಿದ್ದಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಾರಿಸದೆ ಇಟ್ಟರೂ ವರ್ಷಗಳು ಕಳೆಯುತ್ತವೆ, ಒಳಗೆ ತುಕ್ಕು ಹಿಡಿಯುತ್ತದೆ. ಹಾರಿಸಿದರೆ ಇಂಧನದ ವೆಚ್ಚ, ಹಾರಿಸದಿದ್ದರೆ ಕಾಯುವ ವೆಚ್ಚ. ಒಡೆಯನು ಮಲಗಿದ್ದರೂ ಅವನ ವಸ್ತುವು ಎಚ್ಚತ್ತಿದ್ದು ಅವನ ಸಂಪತ್ತನ್ನು ಉಣ್ಣುತ್ತಿರುತ್ತದೆ.

ಇದು ವಿಮಾನವೊಂದರ ದೋಷವಲ್ಲ, ಪರಿಗ್ರಹಮಾತ್ರದ ಸ್ವಭಾವ. ಎರಡನೆಯ ಮನೆಯನ್ನು ಕಟ್ಟಿ ಬೀಗ ಹಾಕಿದವನೂ, ಧರಿಸದ ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಟ್ಟವಳೂ ಸಣ್ಣ ಪ್ರಮಾಣದಲ್ಲಿ ಇದೇ ಕಂದಾಯವನ್ನು ತೆರುತ್ತಿದ್ದಾರೆ. ಹಣವು ಕಂದಾಯದ ಒಂದು ಭಾಗ ಮಾತ್ರ. ದೊಡ್ಡ ಭಾಗವು ಪರಿಣಾಮಗಳಿಂದ ಸಲ್ಲುತ್ತದೆ. ಬೆಲೆಯೇರಿತೆಂದು ಕೊರಗುವುದು ಆರ್ತಧ್ಯಾನ; ಗಳಿಸಿದ್ದನ್ನು ಹೇಗಾದರೂ ಕಾಯಬೇಕೆಂದು ಹಗಲಿರುಳು ಹೊಂಚುವುದು ವಿಷಯಸಂರಕ್ಷಣವೆಂಬ ರೌದ್ರಧ್ಯಾನ. ಆರ್ತವು ತಿರ್ಯಂಚಗತಿಗೂ ರೌದ್ರವು ನರಕಗತಿಗೂ ಕಾರಣವೆಂದು ಶಾಸ್ತ್ರವು ಸಾರಿದೆ. ಈ ತೆರಿಗೆಯನ್ನು ಕಡಿಮೆಮಾಡುವ ಸರ್ಕಾರವು ಯಾವ ಲೋಕದಲ್ಲಿಯೂ ಇಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದೇ ಅತಿವಾಹನ. ಲೋಭದಿಂದ ಎತ್ತು ಕುದುರೆಗಳನ್ನು ಶಕ್ತಿಮೀರಿ ನಡೆಸುವುದೆಂದು ಅಂದಿನ ಅರ್ಥ. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನಿಡುವುದೆಂದು ಇಂದಿನವರು ಮಾಡುವ ಅರ್ಥ. ಮುಂದೆ ಲಾಭ ಬರುವುದೆಂದು ಕೂಡಿಡುವುದು ಅತಿಸಂಗ್ರಹ. ಪರರ ಸಂಪತ್ತನ್ನು ಕಂಡು ಬೆರಗಾಗಿ ಕುಗ್ಗುವುದು ಅತಿವಿಸ್ಮಯ. ದೊರೆತ ಲಾಭಕ್ಕೆ ತೃಪ್ತನಾಗದಿರುವುದು ಅತಿಲೋಭ. ಹೊರಲಾರದಷ್ಟನ್ನು ಹೊರಿಸುವುದು ಅತಿಭಾರವಾಹನ. ಇಂದಿನ ಗೃಹಸ್ಥನು ಸಾಲದ ಕಂತುಗಳನ್ನು ತನ್ನ ಬೆನ್ನಿಗೂ ಮಕ್ಕಳ ಬೆನ್ನಿಗೂ ಹೊರಿಸುವುದೂ ಇದೇ. ಪಕ್ಕದವನ ಕಾರನ್ನು ಕಂಡ ಅತಿವಿಸ್ಮಯವು ಅತಿಲೋಭವಾಗಿ, ಅತಿಲೋಭವು ಸಾಲವಾಗುವ ಕ್ರಮವು ಬೇಗೂರಿನ ಬೀದಿಬೀದಿಗಳಲ್ಲಿ ಕಾಣುತ್ತದೆ.

ಇನ್ನು ದಿಗ್ವ್ರತವನ್ನು ನೋಡಿದರೆ, ಅದರಲ್ಲಿ ಪೂರ್ವಾದಿ ದಿಕ್ಕುಗಳಿಗೆ ಮಾತ್ರವಲ್ಲದೆ ಮೇಲಕ್ಕೂ ಕೆಳಕ್ಕೂ ಮಿತಿಯುಂಟು. ಮೇಲಣ ಮಿತಿಯನ್ನು ದಾಟುವುದಕ್ಕೆ ಊರ್ಧ್ವವ್ಯತಿಕ್ರಮವೆಂದು ಹೆಸರು. ಬೆಟ್ಟವನ್ನು ಏರುವುದಕ್ಕಿಂತ ಹೆಚ್ಚಿನ ಊರ್ಧ್ವಗಮನವು ಮನುಷ್ಯನಿಗಿಲ್ಲದ ಕಾಲದಲ್ಲಿ ಈ ಸೂಕ್ಷ್ಮವು ಅನೇಕರಿಗೆ ಅನಾವಶ್ಯಕವೆನಿಸಿರಬಹುದು. ಇಂದು ಅದರ ಉಪಯೋಗವು ತಿಳಿಯುತ್ತದೆ. ಕೇವಲ ವಿನೋದಕ್ಕಾಗಿ ಆಕಾಶದಲ್ಲಿ ಸುತ್ತಿಬರುವುದು ಅನರ್ಥದಂಡದ ಪ್ರಮಾದಚರ್ಯೆಯಾಗುತ್ತದೆ. ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ ಇಂದಿಗೂ ಬಹುಮಟ್ಟಿಗೆ ಸೀಸವು ಬೆರೆತಿರುತ್ತದೆ. ಅದು ಕೆಳಗಿನ ಮಕ್ಕಳ ಉಸಿರಿಗೆ ಸೇರುತ್ತದೆ. ಹಕ್ಕಿಗಳು ಯಂತ್ರಕ್ಕೆ ತಗುಲಿ ಸಾಯುತ್ತವೆ. ರೋಗಿಯನ್ನು ಸಾಗಿಸುವ, ನೆರೆಯಲ್ಲಿ ಸಿಕ್ಕವರಿಗೆ ಅನ್ನವನ್ನೊಯ್ಯುವ, ವಿದ್ಯಾರ್ಥಿಗೆ ವೃತ್ತಿಯನ್ನು ಕಲಿಸುವ ವಿಮಾನಕ್ಕೆ ಪ್ರಯೋಜನವುಂಟು. ಪ್ರಯೋಜನವಿಲ್ಲದ ಹಿಂಸೆಗೆ ಶ್ರಾವಕನಲ್ಲಿ ಉತ್ತರವಿಲ್ಲ.

ಇಲ್ಲಿ ಒಂದು ಗಂಭೀರವಾದ ಸಂದೇಹವೇಳುತ್ತದೆ. ಹಿರಿಯರೊಬ್ಬರು ನಲವತ್ತು ವರ್ಷಗಳ ಹಿಂದೆ ರೂಪಾಯಿಯ ಲೆಕ್ಕದಲ್ಲಿ ಪರಿಮಾಣವನ್ನು ಮಾಡಿಕೊಂಡರೆಂದು ಇಟ್ಟುಕೊಳ್ಳೋಣ. ಅವರು ಹೊಸದೇನನ್ನೂ ಕೊಳ್ಳಲಿಲ್ಲ. ಆದರೂ ಅದೇ ಎರಡು ಎಕರೆಯ ಬೆಲೆಯು ಕೋಟಿಗಳಿಗೆ ಏರಿತು. ವ್ರತವು ಮುರಿಯಿತೇ? ಬೆಲೆಗಳೆಲ್ಲ ಏರಿರುವಾಗ ಮಿತಿಯನ್ನೂ ಏರಿಸಿಕೊಳ್ಳುವುದು ನ್ಯಾಯವಲ್ಲವೇ?

ಇದಕ್ಕೆ ಸಮಾಧಾನವು ಹೀಗೆ. ವ್ರತವು ಮೂರ್ಛೆಯನ್ನು ಕಡಿಮೆಮಾಡಲು ಇರುವ ಸಾಧನ. ನೆಲವು ತಾನಿದ್ದಲ್ಲಿಯೇ ಇದ್ದು ಪೇಟೆಯು ಅದಕ್ಕೆ ಹೊಸ ಬೆಲೆಯನ್ನು ಕಟ್ಟಿದರೆ, ಅಷ್ಟರಿಂದಲೇ ವ್ರತಿಯು ಹೊಸದನ್ನು ಸಂಗ್ರಹಿಸಿದಂತಾಗಲಿಲ್ಲ. ಆದರೆ ಆ ನೆಲವನ್ನು ಮಾರಿದ ದಿನ ಹಣವು ಕೈಗೆ ಬರುತ್ತದೆ, ಅಂದು ಪರೀಕ್ಷೆ. ಆ ದಿನ ಗೆರೆಯನ್ನು ಹೊಸದಾಗಿ ದೂರಕ್ಕೆ ಎಳೆದರೆ, ಕ್ಷೇತ್ರವೃದ್ಧಿಯನ್ನು ಅತಿಚಾರವೆಂದ ಆಚಾರ್ಯರ ಅಭಿಪ್ರಾಯವನ್ನೇ ಮೀರಿದಂತಾಯಿತು. ಆದುದರಿಂದ ಪರಿಮಾಣವನ್ನು ರೂಪಾಯಿಯಲ್ಲಿ ಮಾತ್ರವಲ್ಲದೆ ವಸ್ತುಗಳ ಸಂಖ್ಯೆಯಲ್ಲಿಯೂ ಮಾಡಬೇಕು: ಮನೆ ಇಷ್ಟು, ನೆಲ ಇಷ್ಟು, ವಾಹನ ಇಷ್ಟು, ಒಡವೆ ಇಷ್ಟು ತೊಲ. ಸಂಖ್ಯೆಗೆ ಬೆಲೆಯೇರಿಕೆಯ ಸೋಂಕು ತಗುಲುವುದಿಲ್ಲ. ಸಂಸಾರದ ನಿರ್ವಾಹಕ್ಕೂ ವೃದ್ಧಾಪ್ಯಕ್ಕೂ ಬೇಕಾದುದನ್ನು ಇಂದಿನ ಬೆಲೆಯಲ್ಲಿ ತೆಗೆದಿರಿಸುವುದು ದೋಷವಲ್ಲ. ಅದನ್ನು ಮೀರಿದುದು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಕ್ಕೆ ಸೇರಿದುದು. ನಾಲ್ವರು ಗೆಳೆಯರು ಸೇರಿ ಪಾಲಿನಲ್ಲಿ ಕೊಂಡರೆ ನನ್ನ ಪರಿಗ್ರಹವು ಕಾಲುಭಾಗ ಮಾತ್ರವೆಂಬ ಜಾಣತನವೂ ಸಲ್ಲದು. ಕೃತ, ಕಾರಿತ, ಅನುಮೋದನೆಗಳಲ್ಲಿ ಪಾಪವು ಭಾಗವಾಗಿ ಚಿಕ್ಕದಾಗುವುದಿಲ್ಲ.

ಉಪವಾಸಕ್ಕೂ ಈ ವ್ರತಕ್ಕೂ ಇರುವ ನಂಟು ದೊಡ್ಡದು. ಅನ್ನವನ್ನು ಬಿಟ್ಟು ಕುಳಿತವನು ಆ ದಿನವೆಲ್ಲ ಸೈಟಿನ ಬೆಲೆಯನ್ನು ಗುಣಿಸುತ್ತಿದ್ದರೆ ಅದು ಲಂಘನವಾಯಿತು, ಉಪವಾಸವಾಗಲಿಲ್ಲ. ಇಂದ್ರಿಯಗಳು ವಿಷಯಗಳಿಂದ ಹಿಂತಿರುಗಿ ಆತ್ಮನ ಸಮೀಪದಲ್ಲಿ ವಾಸಿಸುವುದು ಉಪವಾಸ. ಅಷ್ಟಮಿ ಚತುರ್ದಶಿಗಳ ಉಪವಾಸಕ್ಕೆ ಸಾವಿರ ವರ್ಷಗಳ ಹಿಂದೆ ಎಷ್ಟು ವೆಚ್ಚವಾಗುತ್ತಿತ್ತೋ ಇಂದೂ ಅಷ್ಟೇ. ಬಡವನೂ ಧನಿಕನೂ ಸಮಾನವಾಗಿ ಆಚರಿಸಬಹುದಾದ, ಯಾವ ಪೇಟೆಯೂ ಬೆಲೆಯನ್ನೇರಿಸಲಾರದ ಸಂಪತ್ತು ಇದೊಂದೇ.

ನಮ್ಮ ಪುರಾಣಗಳಲ್ಲಿ ವಿದ್ಯಾಧರರು ವಿಮಾನಗಳಲ್ಲಿ ಸಂಚರಿಸುತ್ತಾರೆ; ಕಲ್ಪಗಳ ದೇವತೆಗಳಿಗೆ ವೈಮಾನಿಕರೆಂದೇ ಹೆಸರು. ಆದರೆ ಆ ವೈಮಾನಿಕ ದೇವನಿಗೆ ಒಂದು ಹೊತ್ತಿನ ಊಟವನ್ನು ಬಿಡುವ ಅಣುವ್ರತವೂ ಸಾಧ್ಯವಿಲ್ಲ. ದೇವಗತಿಯಲ್ಲಿ ಸಂಯಮವಿಲ್ಲ. ಸಾಗರೋಪಮ ಕಾಲ ವಿಮಾನದಲ್ಲಿದ್ದವನೂ ವ್ರತಕ್ಕಾಗಿ ಮನುಷ್ಯಜನ್ಮಕ್ಕೆ ಇಳಿದು ಬರಬೇಕು. ವಿದ್ಯಾಧರನಿಗೂ ವಿದ್ಯೆಗಳನ್ನು ತೊರೆದು ನೆಲದ ಮೇಲೆ ನಡೆದಾಗಲೇ ಮೋಕ್ಷಮಾರ್ಗ. ಹೀಗಿರುವಾಗ ದೇವರಿಗೂ ದುರ್ಲಭವಾದುದನ್ನು ಕೈಯಲ್ಲಿಟ್ಟುಕೊಂಡು, ದೇವರಿಗೆ ಸಹಜವಾದುದಕ್ಕಾಗಿ ಹಂಬಲಿಸುವುದು ಮಾಣಿಕ್ಯವನ್ನು ಕೊಟ್ಟು ಗಾಜನ್ನು ಕೊಂಡಂತೆ.

ಬೆಂಗಳೂರಿನಲ್ಲಿ ವಿಮಾನಗಳು ಹಾರತೊಡಗಿದ ಅದೇ ಕಾಲದಲ್ಲಿ ಬೆಳಗಾವಿ ಸೀಮೆಯ ಭೋಜಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು ದಕ್ಷಿಣದಿಂದ ಉತ್ತರದವರೆಗೆ ಬರಿಗಾಲಿನಿಂದ ವಿಹರಿಸಿದ್ದರು. ಪಿಂಛಿ ಕಮಂಡಲುಗಳ ಹೊರತು ಅವರಿಗೆ ಭಾರವಿರಲಿಲ್ಲ. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಾಗ ಅವರ ಹಿಂದೆ ಹಂಚಿಕೊಳ್ಳಬೇಕಾದ ಆಸ್ತಿಯೂ ಇರಲಿಲ್ಲ, ತೀರಿಸಬೇಕಾದ ಸಾಲವೂ ಇರಲಿಲ್ಲ.

ಬೇಗೂರಿನ ನೆಲವೂ ಇದನ್ನೇ ಹೇಳುತ್ತದೆ. ಬೆಂಗಳೂರೆಂಬ ಹೆಸರನ್ನು ಹೊತ್ತ ಸುಮಾರು ಒಂಬತ್ತನೆಯ ಶತಮಾನದ ಶಾಸನವಿರುವುದು ಇಲ್ಲಿಯೇ. ಗಂಗ ಎರೆಯಪ್ಪನ ಸಾಮಂತನಾದ ನಾಗತ್ತರನು ಯುದ್ಧದಲ್ಲಿ ಮಡಿದಾಗ ಅವನ ಪಟ್ಟವೂ ಬೆಂಪೂರು ಹನ್ನೆರಡರ ಗ್ರಾಮಗಳೂ ಇರುಗನಿಗೆ ಸಂದವು; ಅದನ್ನು ಹೇಳುವ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಹನ್ನೆರಡು ಗ್ರಾಮಗಳಲ್ಲಿ ಇರುಗನ ವಂಶದ್ದೆಂದು ತೋರಿಸಲು ಇಂದು ಒಂದು ಗೇಣು ನೆಲವೂ ಉಳಿದಿಲ್ಲ. ಅದೇ ನಾಗತ್ತರನ ಮಗಳಾದ ತೊಂಡಬ್ಬೆಯು ಸಲ್ಲೇಖನವನ್ನು ಸ್ವೀಕರಿಸಿ ದೇಹವನ್ನು ತ್ಯಜಿಸಿದಳೆಂದು ಬೇಗೂರಿನ ನಿಷಿಧಿಶಾಸನವು ತಿಳಿಸುತ್ತದೆ. ತಂದೆಗೆ ಸಂಬಂಧಿಸಿದ ಕಲ್ಲು ಪಡೆದುದರ ಪಟ್ಟಿ. ಮಗಳ ಕಲ್ಲು ಬಿಟ್ಟುದರ ಗುರುತು.

ಬರುವ ದಶಲಕ್ಷಣ ಪರ್ವದಲ್ಲಿ ಪ್ರತಿಯೊಂದು ಮನೆಯವರೂ ಒಂದು ಕೆಲಸವನ್ನು ಮಾಡಬಹುದು. ಎಂಟನೆಯ ದಿನವಾದ ಉತ್ತಮ ತ್ಯಾಗದಂದು ಮನೆಯವರೆಲ್ಲರೂ ಕುಳಿತು, ತಮ್ಮಲ್ಲಿರುವ ನೆಲ, ಮನೆ, ವಾಹನ, ಒಡವೆ, ಠೇವಣಿ, ಸಾಲಗಳನ್ನು ಮರೆಮಾಚದೆ ಒಂದು ಹಾಳೆಯಲ್ಲಿ ಬರೆಯಬೇಕು. ವರ್ಷದಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಾರದುದರ ಎದುರು ಅದನ್ನು ಕಾಯಲು ತಗುಲಿದ ವೆಚ್ಚವನ್ನು ಬರೆಯಬೇಕು. ಒಂಬತ್ತನೆಯ ದಿನವಾದ ಉತ್ತಮ ಆಕಿಂಚನ್ಯದಂದು ಜಿನಬಿಂಬದ ಮುಂದೆ ಗೆರೆಯನ್ನೆಳೆಯಬೇಕು. ಯಾವಜ್ಜೀವ ಯಮರೂಪದಲ್ಲಿ ಸಾಧ್ಯವಾಗದಿದ್ದರೆ ಒಂದು ವರ್ಷದ ನಿಯಮರೂಪದಲ್ಲಾದರೂ ಆಗಲಿ. ಆ ಹಾಳೆಯನ್ನು ಶಾಸ್ತ್ರದ ಪಕ್ಕದಲ್ಲಿಟ್ಟು ಮುಂದಿನ ಪರ್ವದಲ್ಲಿ ತೆರೆದು ನೋಡಬೇಕು.

ಲೋಕದಲ್ಲಿ ಬೆಲೆಗಳು ಏರುತ್ತಲೇ ಇರುತ್ತವೆ. ಅವನ್ನು ತಡೆಯುವುದು ಶ್ರಾವಕನ ವಶದಲ್ಲಿಲ್ಲ. ಬೇಕುಗಳನ್ನು ತಡೆಯುವುದು ಅವನ ವಶದಲ್ಲಿದೆ. ಸಕಲ ಶ್ರಾವಕ ಶ್ರಾವಿಕೆಯರಿಗೂ ಈ ಪರಿಮಾಣದ ಭಾವವು ಉದಯಿಸಲಿ, ಧರ್ಮವೃದ್ಧಿಯಾಗಲಿ.