‘ಏನೂ ಇಲ್ಲ’ ಎಂಬ ವರದಿ

ವೈದ್ಯರ ಬಾಯಿಂದ ‘ಏನೂ ಇಲ್ಲ’ ಎಂಬ ಮಾತು ಬರಲೆಂದು ಹರಕೆ ಹೊರದವರು ಯಾರು? ಆದರೆ ಆ ಮಾತು ಕೇಳಿಯೂ ಸಮಾಧಾನವಾಗದೆ, ಒಳಗೊಳಗೇ ಅವಮಾನವಾದಂತೆನಿಸಿದ ಪ್ರಸಂಗವೊಂದು ಕಳೆದ ವರ್ಷ ನಮಗೆ ಒದಗಿತು. ಅಂದಿನಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಓದುಗರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ. ನಾವು ವೈದ್ಯರಲ್ಲ, ಪ್ರಶ್ನೆಯೂ ವೈದ್ಯಕೀಯಕ್ಕಿಂತ ಹೆಚ್ಚಾಗಿ ನೀತಿಗೆ ಸಂಬಂಧಿಸಿದ್ದು. ಒಬ್ಬರು ‘ನೋಯುತ್ತಿದೆ’ ಎನ್ನುತ್ತಾರೆ, ಯಂತ್ರ ‘ಇಲ್ಲ’ ಎನ್ನುತ್ತದೆ. ಆಗ ಸುತ್ತಲಿನವರು ಯಾರನ್ನು ನಂಬಬೇಕು?

ಬೆಳಗಿನ ಫಾಸ್ಟ್ ಗಾಡಿ ಥಾಣೆ ದಾಟಿತ್ತು. ಎದೆಯ ನಡುವೆ ಏನೋ ಒತ್ತಿದಂತಾಯಿತು. ಡೊಂಬಿವಲಿಯಲ್ಲಿ ಗಾಡಿ ಹತ್ತಿದವರಿಗೆ ಆ ಹೊತ್ತಿನಲ್ಲಿ ಎದೆ ಒತ್ತಿದರೆ ಅದು ಪಕ್ಕದವರ ಮೊಣಕೈಯೆಂದೇ ಅರ್ಥ. ನಾವೂ ಹಾಗೆಯೇ ತಿಳಿದೆವು. ಮೊಣಕೈಯ ಯಜಮಾನರು ಘಾಟ್ಕೋಪರಿನಲ್ಲಿ ಇಳಿದುಹೋದರು, ಒತ್ತಡ ಮಾತ್ರ ಇಳಿಯಲಿಲ್ಲ. ದಾದರಿನಲ್ಲಿ ಬೆವರೊರೆಸಿಕೊಳ್ಳುತ್ತ ಬೆಂಚಿನ ಮೇಲೆ ಕುಸಿದು ಕುಳಿತ ನಮ್ಮನ್ನು ದಿನವೂ ಜೊತೆಗೆ ಬರುವ ಪುಣ್ಯಾತ್ಮರೊಬ್ಬರು ಆಸ್ಪತ್ರೆಗೆ ಮುಟ್ಟಿಸಿದರು. ಇ.ಸಿ.ಜಿ. ಆಯಿತು, ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದರು, ಎಕೋ ಆಯಿತು, ವಾರ ಕಳೆದ ಮೇಲೆ ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿದರು. ಎಲ್ಲವೂ ‘ನಾರ್ಮಲ್’. ಕಾಗದಗಳನ್ನು ಫೈಲಿಗೆ ಸೇರಿಸುತ್ತ ತರುಣ ವೈದ್ಯರು ಹೇಳಿದ್ದು ಎರಡೇ ಶಬ್ದ: ‘ಏನೂ ಇಲ್ಲ.’

ಆದರೆ ಆ ತಿಂಗಳಲ್ಲೇ ನೋವು ಮತ್ತೆರಡು ಸಲ ಬಂತು. ‘ರಿಪೋರ್ಟ್ ಎಲ್ಲ ಚೆನ್ನಾಗಿದೆಯಲ್ಲಪ್ಪಾ, ಇನ್ನೂ ಯಾಕೆ?’ ಎಂದ ಮಗ. ಆಫೀಸಿನಲ್ಲಿ ಒಬ್ಬರು, ‘ವರ್ಗಾವಣೆಯ ಆರ್ಡರೇನಾದರೂ ಬರುವುದಿದೆಯೆ?’ ಎಂದು ನಗುತ್ತ ಕೇಳಿದರು. ರೋಗಿಯಾಗಿ ಆಸ್ಪತ್ರೆಗೆ ಹೋದವರು ಸುಳ್ಳುಗಾರರಾಗಿ ಹೊರಬಂದೆವಲ್ಲ ಎನಿಸಿತು.

ಹಾಗಾದರೆ ಪರೀಕ್ಷೆಗಳು ಸುಳ್ಳು ಹೇಳುತ್ತವೆಯೆ? ಇಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಅವು ಉತ್ತರ ಕೊಡುತ್ತವೆ. ಹಾಲೆಂಡಿನ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಹುಮಾನ ತಂದ ಇ.ಸಿ.ಜಿ. ಹೃದಯದ ವಿದ್ಯುತ್ತಿನ ಓಟವನ್ನು ಬರೆಯುತ್ತದೆ. ಅದೂ ಸುಮಾರು ಹತ್ತು ಸೆಕೆಂಡುಗಳ ಓಟವನ್ನು. ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಸಲ ಬಡಿಯುವ ಹೃದಯದ ಹತ್ತು ಹನ್ನೆರಡು ಬಡಿತಗಳು ಆ ಕಾಗದದ ಮೇಲಿರುತ್ತವೆ. ರಕ್ತದಲ್ಲಿ ನೋಡುವ ಟ್ರೊಪೊನಿನ್ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಏರುತ್ತದೆ, ಅದಕ್ಕೂ ಕೆಲವು ಗಂಟೆ ಬೇಕು. ಸ್ನಾಯು ರಕ್ತ ಸಾಲದೆ ಸ್ವಲ್ಪ ಹೊತ್ತು ಕಂಗಾಲಾಗಿ ಮತ್ತೆ ಚೇತರಿಸಿಕೊಂಡಿದ್ದರೆ ಅದು ಏರದೆಯೇ ಇರಬಹುದು. 1959ರಲ್ಲಿ ಅಮೆರಿಕದ ಪ್ರಿನ್ಸ್‌ಮೆಟಲ್ ಎಂಬ ವೈದ್ಯರು ಇನ್ನೊಂದು ಬಗೆಯ ನೋವನ್ನು ವಿವರಿಸಿದರು. ರಕ್ತನಾಳ ಇದ್ದಕ್ಕಿದ್ದಂತೆ ಬಿಗಿದುಕೊಂಡು, ಮನುಷ್ಯ ಸುಮ್ಮನೆ ಮಲಗಿದ್ದಾಗಲೇ ಅದು ಬರುತ್ತದೆ. ಬೆಳಗಿನ ಜಾವ ಬಂದುಹೋದ ಅಂಥ ನೋವಿನ ಗುರುತು ಹತ್ತು ಗಂಟೆಯ ಇ.ಸಿ.ಜಿ.ಯಲ್ಲಿ ಉಳಿದಿರಬೇಕೆಂದೇನೂ ಇಲ್ಲ.

ಎಲ್ಲಕ್ಕಿಂತ ಮೇಲಿನ ನ್ಯಾಯಾಲಯವೆಂದು ನಾವು ನಂಬಿರುವುದು ಆಂಜಿಯೋಗ್ರಾಮನ್ನು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರ ಕೈಯಲ್ಲಿ ಬಣ್ಣದ ದ್ರವ ಅಕಸ್ಮಾತ್ತಾಗಿ ಹೃದಯದ ರಕ್ತನಾಳಕ್ಕೇ ಹೋಗಿಬಿಟ್ಟು ಈ ವಿದ್ಯೆ ಹುಟ್ಟಿತು. ಅದು ದೊಡ್ಡ ನಾಳಗಳನ್ನು ಚೆನ್ನಾಗಿ ತೋರಿಸುತ್ತದೆ. ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಗಳು ಅದಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹೃದಯದ ಸ್ನಾಯುವಿಗೆ ರಕ್ತ ಹಂಚುವ ಕೆಲಸ ನಡೆಯುವುದು ಅಲ್ಲಿಯೇ. ಹೆದ್ದಾರಿಯಲ್ಲಿ ವಾಹನ ಸರಾಗವಾಗಿ ಓಡುತ್ತಿದೆಯೆಂದ ಮಾತ್ರಕ್ಕೆ ನಮ್ಮ ಗಲ್ಲಿಗೆ ನೀರಿನ ಟ್ಯಾಂಕರ್ ಬಂದೇಬರುತ್ತದೆಂದು ಹೇಳಲಾದೀತೆ? ಆಂಜಿಯೋಗ್ರಾಮ್ ಶುಭ್ರವಾಗಿದ್ದೂ ಎದೆ ನೋಯುವ ಇಂಥವರ ಸ್ಥಿತಿಗೆ 1973ರಲ್ಲಿ ಕೆಂಪ್ ಎಂಬ ವೈದ್ಯರು ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ಬೀಜಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ‘ಎಕ್ಸ್’ ಎಂದು ಬರೆಯುವುದನ್ನು ನಾವೆಲ್ಲ ಕಲಿತಿದ್ದೇವೆ. ಗೊತ್ತಿಲ್ಲವೆಂದು ಒಪ್ಪಿಕೊಂಡ ಆ ಹೆಸರು ನಮಗೆ ಬಹಳ ಪ್ರಾಮಾಣಿಕವಾಗಿ ಕಂಡಿತು. ಸಣ್ಣ ನಾಳಗಳ ಈ ತೊಂದರೆ ಹೆಂಗಸರಲ್ಲಿ ಹೆಚ್ಚು ಎಂಬುದು ಈಗ ತಿಳಿದಿದೆ. ಅದನ್ನು ಅಳೆಯುವ ವಿಶೇಷ ಪರೀಕ್ಷೆಗಳೂ ಬಂದಿವೆ, ಆದರೆ ಎಲ್ಲ ಆಸ್ಪತ್ರೆಗಳಲ್ಲಿ ಅಲ್ಲ.

ಈ ಯಂತ್ರಗಳಾವುವೂ ಇಲ್ಲದ ಕಾಲದಲ್ಲಿ ಎದೆನೋವಿನ ಕಾಯಿಲೆಯನ್ನು ಗುರುತಿಸಿದವರು ಲಂಡನ್ನಿನ ವಿಲಿಯಂ ಹೆಬರ್ಡನ್. 1768ರಲ್ಲಿ ಅವರು ವೈದ್ಯರ ಸಭೆಯೊಂದರಲ್ಲಿ ಓದಿದ ಲೇಖನ 1772ರಲ್ಲಿ ಅಚ್ಚಾಯಿತು. ನಡೆಯುವಾಗ, ಅದರಲ್ಲೂ ಉಂಡು ಏರು ಹತ್ತುವಾಗ ಎದೆ ಹಿಡಿದುಕೊಳ್ಳುತ್ತದೆ, ನಿಂತರೆ ಬಿಟ್ಟುಬಿಡುತ್ತದೆ ಎಂದು ಅವರು ಬರೆದರು. ಆಗ ಸ್ಟೆತೋಸ್ಕೋಪು ಸಹ ಹುಟ್ಟಿರಲಿಲ್ಲ. ಅದು ಬಂದದ್ದು 1816ರಲ್ಲಿ. ಅವರ ಹತ್ತಿರ ಇದ್ದ ಮುಖ್ಯ ಉಪಕರಣ ಕಿವಿ. ರೋಗಿ ಹೇಳಿದ್ದನ್ನು ನಂಬಿ ಬರೆದುಕೊಂಡದ್ದರಿಂದಲೇ ಕಾಯಿಲೆ ಸಿಕ್ಕಿತು, ಯಂತ್ರಗಳು ಅದನ್ನು ಹುಡುಕಿಕೊಂಡು ಆಮೇಲೆ ಬಂದವು. ತಾವು ಕಂಡ ಸುಮಾರು ನೂರು ಮಂದಿಯಲ್ಲಿ ಹೆಂಗಸರು ಮೂವರೇ ಎಂದು ಹೆಬರ್ಡನ್ ಬರೆದಿದ್ದಾರೆ. ಇದನ್ನು ಓದಿದಾಗ ಒಂದು ಸಂಶಯ ಬಂತು. ಆ ಕಾಲದ ಹೆಂಗಸರಿಗೆ ಎದೆ ನೋಯುತ್ತಿರಲಿಲ್ಲವೋ, ಅಥವಾ ನೋಯುತ್ತಿದೆಯೆಂದು ಹೇಳಿದ ಮಾತು ವೈದ್ಯರ ಮನೆಯವರೆಗೆ ಹೋಗುತ್ತಿರಲಿಲ್ಲವೋ?

ಈ ಸಂಶಯ ಬರುವುದಕ್ಕೂ ಕಾರಣವಿದೆ. ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಮಗೆ ನೋವು ಬರುವುದಕ್ಕೆ ಎರಡು ವರ್ಷ ಮೊದಲು ನಮ್ಮ ಮನೆಯಾಕೆ, ತರಕಾರಿ ಚೀಲ ಹಿಡಿದು ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಹಿಂಡಿದಂತಾಗುತ್ತದೆ ಎಂದಿದ್ದಳು. ಕರೆದುಕೊಂಡು ಹೋದೆವು. ಪರೀಕ್ಷೆಗಳಾದವು. ಆಗಲೂ ‘ಏನೂ ಇಲ್ಲ’ ಎಂದೇ ವರದಿ. ಹಿಂದಿರುಗುವಾಗ ರಿಕ್ಷಾದಲ್ಲಿ ನಾವು ಆಡಿದ ಮಾತು ಇಂದಿಗೂ ನೆನಪಿದೆ: ‘ಏನೂ ಇಲ್ಲವಂತೆ. ನೀನು ಸುಮ್ಮನೆ ಯೋಚನೆ ಮಾಡಿ ಮೈಮೇಲೆ ಎಳೆದುಕೊಳ್ಳುತ್ತೀ.’ ಆ ಮೇಲೆ ಆಕೆ ಆ ವಿಷಯ ಎತ್ತಲಿಲ್ಲ. ವಾಸಿಯಾಯಿತೆಂದು ನಾವು ತಿಳಿದೆವು. ನಮ್ಮ ನೋವಿಗೆ ನಮ್ಮ ಮಗ ಅದೇ ಮಾತನ್ನು ಆಡಿದ ದಿನ ರಾತ್ರಿ, ಪಾತ್ರೆ ಒರೆಸುತ್ತಿದ್ದ ಆಕೆಯನ್ನು ಕೇಳಿದೆವು: ‘ನಿನಗೆ ಆಗ ನೋಯುತ್ತಿತ್ತಲ್ಲ, ಈಗ ಹೇಗಿದೆ?’ ಆಕೆ ಕೈಯಲ್ಲಿದ್ದ ತಟ್ಟೆ ಕೆಳಗಿಡದೆ ಹೇಳಿದಳು: ‘ಈಗಲೂ ಆಗತ್ತೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಸೇತುವೆ ಮಧ್ಯೆ ಒಂದು ಕ್ಷಣ ನಿಂತುಕೊಳ್ಳುತ್ತೇನೆ.’

ಹೆಬರ್ಡನ್ ಬರೆದದ್ದನ್ನು ನಮ್ಮ ಮನೆಯಲ್ಲೇ ಒಬ್ಬರು ಹೇಳಿದ್ದರು. ಕೇಳುವ ಕಿವಿ ಇರಲಿಲ್ಲ.

‘ಕಾಣಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ನಮ್ಮ ಹಿಂದಿನ ದಾರ್ಶನಿಕರು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬುದನ್ನು ಒಂದು ಪ್ರಮಾಣವೆಂದೇ ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುತ್ತೇವೆ. ಆದರೆ ಅವರು ಒಂದು ಷರತ್ತು ಹಾಕುತ್ತಾರೆ: ಆ ವಸ್ತು ಅಲ್ಲಿದ್ದಿದ್ದರೆ ಕಂಡೇ ಕಾಣಬೇಕಾಗಿತ್ತು ಎನ್ನುವಂತಿರಬೇಕು. ಇದೇ ಯೋಗ್ಯಾನುಪಲಬ್ಧಿ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ‘ಗಡಿಗೆಯೇ ಇಲ್ಲ’ ಎನ್ನುವ ಹಾಗಿಲ್ಲ. ಆಂಜಿಯೋಗ್ರಾಮ್ ಶುಭ್ರವಾಗಿದ್ದರೆ ದೊಡ್ಡ ನಾಳಗಳಲ್ಲಿ ದೊಡ್ಡ ತಡೆ ಇಲ್ಲವೆಂಬುದು ಯೋಗ್ಯವಾದ ತೀರ್ಮಾನ. ‘ಹೃದಯದಲ್ಲಿ ಏನೂ ಇಲ್ಲ’ ಎಂಬುದು ಕತ್ತಲೆಯ ಗಡಿಗೆಯ ಲೆಕ್ಕ.

ಇನ್ನೊಂದು ಮಾತು ನಮ್ಮ ಉಡುಪಿಯ ಕಡೆಯದು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಸುಖದುಃಖಗಳನ್ನು ಅರಿಯುವುದು ‘ಸಾಕ್ಷಿ’ ಎಂದರು. ಈ ಸಾಕ್ಷಿಯ ಅರಿವು ತಪ್ಪುವುದಿಲ್ಲ ಎಂಬುದು ಅವರ ಸಿದ್ಧಾಂತ. ಕಣ್ಣು ಹಗ್ಗವನ್ನು ಹಾವೆಂದು ತಿಳಿಯಬಹುದು. ಆದರೆ ನೋವಾಗುತ್ತಿರುವವನಿಗೆ ತನಗೆ ನೋವಾಗುತ್ತಿದೆ ಎಂಬುದರಲ್ಲಿ ಭ್ರಮೆಯಿಲ್ಲ. ಅದಕ್ಕೆ ಬೇರೆ ಸರ್ಟಿಫಿಕೇಟು ಬೇಡ.

ಹಾಗಾದರೆ ನೋವುಂಡವರು ಹೇಳಿದ್ದೆಲ್ಲ ವೇದವಾಕ್ಯವೆ? ಅಲ್ಲ. ನಮಗೆ ತೋರುವ ವಿವೇಕ ಇಷ್ಟೇ. ‘ನೋವಿದೆ’ ಎಂಬುದು ಸಾಕ್ಷಿಯ ಮಾತು, ಅಲ್ಲಿ ಅಧಿಕಾರ ನೋವುಂಡವರದೇ. ‘ಇದು ಹೃದಯದ್ದೇ’ ಎಂಬುದು ಅನುಮಾನಪ್ರಮಾಣದ ಮಾತು, ಅಲ್ಲಿ ನೋವುಂಡವರೂ ತಪ್ಪಬಹುದು. ಎದೆಗೂಡಿನಲ್ಲಿ ನೋಯುವುದಕ್ಕೆ ಹೃದಯವೊಂದೇ ಇಲ್ಲ. ಹೊಟ್ಟೆಯ ಆಮ್ಲ ಮೇಲೇರಿದರೆ ಉರಿಯುತ್ತದೆ, ಪಕ್ಕೆಲುಬಿನ ಸಂದು ಊದಿದರೆ ಚುಚ್ಚುತ್ತದೆ, ಪಿತ್ತಕೋಶದ ಕಲ್ಲು, ಗುಳ್ಳೆ ಏಳುವ ಮುನ್ನ ಸರ್ಪಸುತ್ತು, ತಡೆಯಲಾಗದ ಗಾಬರಿ, ಇವೆಲ್ಲ ಎದೆಯನ್ನೇ ಹಿಡಿಯುತ್ತವೆ. ಗಾಬರಿಯಿಂದ ಬಂದ ನೋವೂ ನೋವೇ ಎಂಬುದನ್ನು ಮನೆಯವರು ಮರೆಯಬಾರದು. ಅದು ಹೃದಯದ್ದೇ ಆಗಬೇಕೆಂದು ರೋಗಿಯೂ ಹಟ ಹಿಡಿಯಬಾರದು.

ಈ ಎರಡನೆಯ ತಪ್ಪೂ ಸಣ್ಣದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬಂದವರ ಸಾಲು ಬೆಳೆದದ್ದು ಓದುಗರಿಗೆ ನೆನಪಿರಬಹುದು. ಜನ ಗಾಬರಿಪಡಬಾರದೆಂದು ಆಗಿನ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಹೇಳಬೇಕಾಯಿತು. ಆ ಸಾಲಿನಲ್ಲಿ ನಿಂತವರು ಬಯಸಿದ್ದು ಕೇವಲ ಇಂದಿನ ವರದಿಯನ್ನಲ್ಲ, ನಾಳೆಯ ಭರವಸೆಯನ್ನು. ಯಾವ ಪರೀಕ್ಷೆಯೂ ಅದನ್ನು ಕೊಡಲಾರದು. ನಾಳವನ್ನು ಅಷ್ಟೇನೂ ಕಿರಿದುಮಾಡದ ಕೊಬ್ಬಿನ ಗಂಟೊಂದು ಒಡೆದು ಹೃದಯಾಘಾತವಾಗುವುದುಂಟು. ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿದರೆ ಸಾವಿನ ದಾರಿ ಮುಚ್ಚೀತೆಂಬುದು, ಸಂಕಟ ಬಂದಾಗ ವೆಂಕಟರಮಣ ಎನ್ನುವ ಭಕ್ತಿಯ ಹೊಸ ರೂಪ.

ಆದ್ದರಿಂದ ಮೂವರಿಗೂ ಒಂದೊಂದು ಕರ್ತವ್ಯವಿದೆಯೆಂದು ನಮ್ಮ ಅಭಿಪ್ರಾಯ. ವೈದ್ಯರು ‘ಏನೂ ಇಲ್ಲ’ ಎನ್ನುವ ಬದಲು ‘ಅಪಾಯದ ಇಂತಿಂಥ ಕಾರಣ ಇಲ್ಲ, ನಿಮ್ಮ ನೋವಿನ ಕಾರಣ ನಮಗಿನ್ನೂ ಕಂಡಿಲ್ಲ’ ಎನ್ನಬಹುದು. ಮಾತು ಸ್ವಲ್ಪ ಉದ್ದವಾಯಿತು, ನಿಜ. ಆದರೆ ಅದು ಸತ್ಯ. ನೋವುಂಡವರು ವರದಿಯ ಮೌಲ್ಯವನ್ನು ಮನ್ನಿಸಿ, ಕಾರಣ ಗೊತ್ತಿಲ್ಲದೆಯೂ ಬದುಕುವುದನ್ನು ಸ್ವಲ್ಪ ಕಲಿಯಬೇಕು. ಹಾಗೆಂದು ಎದೆ ಬಿಗಿದು ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹರಿದಾಗ ಹಳೆಯ ವರದಿ ನೋಡುತ್ತ ಕೂರಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನೆಯವರಾದ ನಾವು ಮಾಡಬೇಕಾದದ್ದು ಎಲ್ಲಕ್ಕಿಂತ ಸುಲಭದ್ದು, ಎಲ್ಲಕ್ಕಿಂತ ಹೆಚ್ಚು ಮರೆಯುವಂಥದ್ದು: ವರದಿ ಬಂದ ಮೇಲೂ ಕೇಳುತ್ತಿರುವುದು.

ನಮ್ಮ ನೋವು ಹೆಸರು ಹೇಳದೆಯೇ ಕಡಿಮೆಯಾಗುತ್ತ ಬಂದಿದೆ. ಮನೆಯಾಕೆಯನ್ನು ಬೇರೊಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ಫೈಲನ್ನು ಪಕ್ಕಕ್ಕಿಟ್ಟು, ‘ಸೇತುವೆಯ ಎಷ್ಟನೆಯ ಮೆಟ್ಟಿಲಿಗೆ ಶುರುವಾಗುತ್ತದೆ?’ ಎಂದು ಕೇಳಿದರು. ಸಣ್ಣ ನಾಳಗಳ ತೊಂದರೆ ಇರಬಹುದು ಎಂದರು, ಔಷಧಿ ಬರೆದರು. ಸ್ವಲ್ಪ ಗುಣ ಕಂಡಿದೆ; ‘ಇರಬಹುದು’ ಎಂಬುದು ‘ಇದೆ’ ಎಂದು ಇನ್ನೂ ಆಗಿಲ್ಲ. ಈಗ ಭಾನುವಾರದ ತರಕಾರಿಗೆ ಇಬ್ಬರೂ ಹೋಗುತ್ತೇವೆ. ಚೀಲ ನಮ್ಮ ಕೈಯಲ್ಲಿರುತ್ತದೆ. ಸೇತುವೆಯ ಮಧ್ಯೆ ಆಕೆ ನಿಂತರೆ ನಾವೂ ನಿಲ್ಲುತ್ತೇವೆ.